ಹೆಸರಿದ್ದವರ ಓಟ, ಹೆಸರಿಲ್ಲದವರ ನೋಟ

(ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಯುವಕ ಯುವತಿಯರು ಸೇರಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ.)



ನಾನು ಭಾಷಣಕಾರನಲ್ಲ. ಬೇರೆಯವರ ಭಾಷಣ ಬರೆದುಕೊಂಡು ಹೋಗುವುದು ನನ್ನ ಕೆಲಸ. ಆದರೂ ನೀವು ಕರೆದಿರಿ, ಬಂದಿದ್ದೇನೆ. ಈಗಷ್ಟೇ ಬಸ್ಸಿಳಿದು ಚಹಾ ಕುಡಿಯುವಾಗ ಇಲ್ಲಿನ ತಂಗಿಯೊಬ್ಬಳು ಕೇಳಿದಳು: 'ಅಣ್ಣಾ, ಎಷ್ಟು ಜನ ಫಾಲೋವರ್ಸ್ ಇದ್ರೆ ಟಿವಿಯವ್ರು ನಮ್ಮನ್ನ ಕರೀತಾರೆ?' ನಾನು ಸಿದ್ಧಪಡಿಸಿಕೊಂಡು ಬಂದಿದ್ದ ನಾಲ್ಕು ಪುಟಗಳಿಗಿಂತ ಆಕೆಯ ಪ್ರಶ್ನೆಯೇ ದೊಡ್ಡದು ಅನ್ನಿಸಿತು. ಆದ್ದರಿಂದ ಅದನ್ನೇ ಹಿಡಿದು ಮಾತಾಡುತ್ತೇನೆ.

ಹೆಸರಿದ್ದವರನ್ನು ಕರೆತಂದು ಜನ ಸೇರಿಸುವುದು ಟಿವಿಯವರು ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮ ಊರುಗಳ ಜಾತ್ರೆ ನಾಟಕಗಳನ್ನು ನೆನೆಸಿಕೊಳ್ಳಿ. ಎರಡು ತಿಂಗಳು ರಾತ್ರಿ ಕೂತು ಮಾತು ಬಾಯಿಪಾಠ ಮಾಡಿ, ಮೇಷ್ಟರಿಂದ ಬೈಸಿಕೊಂಡು, ಕೈಯಿಂದ ದುಡ್ಡು ಹಾಕಿ ನಾಟಕ ಕಟ್ಟುವವರು ಊರಿನ ಹುಡುಗರು. ಆದರೆ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಯಾರ ಹೆಸರು? ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ಒಂದು ರಾತ್ರಿಯ ಮಟ್ಟಿಗೆ ಬರುವ ಕಲಾವಿದೆಯ ಹೆಸರು. ಊರ ಹುಡುಗರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಆ ಹೆಸರು ನೋಡಿ ಅಕ್ಕಪಕ್ಕದ ಹತ್ತು ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ದಾವಣಗೆರೆ ವೃತ್ತಿ ರಂಗಭೂಮಿಯ ಊರು. ಇಲ್ಲಿನ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರು ಕೇಳಿದರೆ ಸಾಕು, ಟಿಕೆಟ್ ಹರಿಯುತ್ತಿತ್ತು. ಆದರೆ ಒಂದು ಮಾತು ಗಮನಿಸಬೇಕು. ಆ ಹೆಸರು ಬಂದದ್ದು ರಂಗದ ಮೇಲಿನ ದುಡಿಮೆಯಿಂದ. ಜನ ಯಾವ ಕೆಲಸಕ್ಕೆ ಅವರನ್ನು ಮೆಚ್ಚಿದ್ದರೋ ಅದೇ ಕೆಲಸವನ್ನು ನೋಡಲು ಬರುತ್ತಿದ್ದರು. ಇಂದಿನ ಸಮಸ್ಯೆ ಇಲ್ಲೇ ಇದೆ. ಮೊಬೈಲಿನಲ್ಲಿ ಕುಣಿದು ಹೆಸರು ಮಾಡಿದವರನ್ನು ಓಡಲು ಕರೆಯುತ್ತಾರೆ; ನಗಿಸಿ ಹೆಸರು ಮಾಡಿದವರನ್ನು ನೂರು ದಿನ ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಹೆಸರು ಒಂದು ಕಡೆಯದು, ಕೆಲಸ ಇನ್ನೊಂದು ಕಡೆಯದು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ 'ದಿ ಅಮೇಜಿಂಗ್ ರೇಸ್'. ಸಿಬಿಎಸ್ ವಾಹಿನಿಯಲ್ಲಿ 2001ರ ಸೆಪ್ಟೆಂಬರ್ 5ರಂದು ಆರಂಭವಾದ ಪ್ರವಾಸದ ಸ್ಪರ್ಧೆ ಅದು. ಇಬ್ಬಿಬ್ಬರ ಜೋಡಿಗಳು ದೇಶದಿಂದ ದೇಶಕ್ಕೆ ಓಡಬೇಕು. ಒಂದು ಲಕೋಟೆಯಲ್ಲಿ ಸುಳಿವು ಇರುತ್ತದೆ. ಅದನ್ನು ಬಿಡಿಸಿ ಊರು ಹುಡುಕಬೇಕು, ಅಲ್ಲಿ ಕೊಟ್ಟ ಕೆಲಸ ಮಾಡಿ ಮುಗಿಸಬೇಕು, ಮುಂದಿನ ನಿಲ್ದಾಣ ತಲುಪಬೇಕು. ಕೊನೆಗೆ ಬಂದವರು ಸಾಮಾನ್ಯವಾಗಿ ಮನೆಗೆ ಹೋಗುತ್ತಾರೆ. ಖರ್ಚಿಗೆ ಅವರು ಕೊಟ್ಟಷ್ಟೇ ದುಡ್ಡು. ಸ್ವಂತ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಮೊದಲ ಆವೃತ್ತಿಯ ಸ್ಪರ್ಧಿಗಳು ನಮ್ಮ ಆಗ್ರಾಕ್ಕೂ ಬಂದು ಹೋದರು.

ಹದಿನೈದು ವರ್ಷ ಸಾಮಾನ್ಯ ಜನರನ್ನೇ ಹೆಚ್ಚಾಗಿ ಆರಿಸುತ್ತಿದ್ದ ಈ ಕಾರ್ಯಕ್ರಮ 2016ರಲ್ಲಿ, ತನ್ನ 28ನೆಯ ಆವೃತ್ತಿಗೆ, ಸಾಮಾಜಿಕ ಜಾಲತಾಣದ ತಾರೆಗಳನ್ನೇ ಆರಿಸಿತು. 11 ಜೋಡಿ, 22 ಜನ. ಯೂಟ್ಯೂಬಿನವರು, ಇನ್‌ಸ್ಟಾಗ್ರಾಮಿನವರು, ಆರು ಸೆಕೆಂಡಿನ ತುಣುಕುಗಳ 'ವೈನ್' ಎಂಬ ತಾಣದವರು. ಕೆಲವು ಜೋಡಿಗಳಲ್ಲಿ ಒಬ್ಬರು ತಾರೆ, ಇನ್ನೊಬ್ಬರು ಅವರ ತಾಯಿ ಅಥವಾ ತಂದೆ. ಎಂದಿನಂತೆ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಲಿಲ್ಲ. ಅವರವರ ಮನೆಗೇ ಸುಳಿವು ತಲುಪಿಸಿ ಮೆಕ್ಸಿಕೋ ನಗರಕ್ಕೆ ಹೊರಡಿಸಿದರು. ಆ ಕ್ಷಣವನ್ನು ಅವರೇ ಚಿತ್ರೀಕರಿಸಿಕೊಂಡರು.

ಇದನ್ನು ಕೇಳಿ ಹಳೆಯ ವೀಕ್ಷಕರು ಕೆಲವರು ಗೊಣಗಿದ್ದು ಸಹಜ. 'ನಮ್ಮಂಥವರು ಓಡುತ್ತಾರೆಂದು ನೋಡುತ್ತಿದ್ದೆವು, ಇವರು ಯಾರು?' ಎಂಬುದು ಅವರ ದೂರು. ಆದರೆ ಓಟದಲ್ಲಿ ಆದದ್ದೇ ಬೇರೆ. ಅಪರಿಚಿತ ಊರಿನಲ್ಲಿ ಟ್ಯಾಕ್ಸಿಯವನು ದಾರಿ ತಪ್ಪಿದರೆ ಲಕ್ಷ ಫಾಲೋವರ್ಸ್ ಬಂದು ದಾರಿ ತೋರಿಸುವುದಿಲ್ಲ. ಸುಳಿವು ತಪ್ಪಾಗಿ ಓದಿದರೆ ಯಾರ ಲೈಕೂ ಕೈ ಹಿಡಿಯುವುದಿಲ್ಲ. ಆ ಗುಂಪಿನಲ್ಲಿ ಬಹಳ ದೊಡ್ಡ ಹೆಸರಾಗಿದ್ದ ಯೂಟ್ಯೂಬಿನ ಟೈಲರ್ ಓಕ್ಲಿ ತಮ್ಮ ಗೆಳೆಯನೊಂದಿಗೆ ಮೂರನೆಯವರಾದರು. ವೈನ್ ತಾರೆ ಕೋಲ್ ಲಾಬ್ರಾಂಟ್ ಮತ್ತು ಅವರ ತಾಯಿ ಶೆರಿ ಎರಡನೆಯವರು. ಗೆದ್ದವರು ನೃತ್ಯಗಾರರಾದ ಮ್ಯಾಟ್ ಸ್ಟೆಫಾನಿನಾ ಮತ್ತು ಡೇನಾ ಬೊರಿಯೆಲ್ಲೊ. ಗಡಿಯಾರಕ್ಕೆ ಹೆಸರಿನ ಗುರುತಿಲ್ಲ. ಬಾಗಿಲು ತೆರೆಸಿದ್ದು ಫಾಲೋವರ್ಸ್. ಒಳಗೆ ನಡೆಸಿದ್ದು ಕಾಲು ಮತ್ತು ತಲೆ.

ಇನ್ನೂ ಎರಡು ಸಂಗತಿ. 2017ರ ಮುಂದಿನ ಆವೃತ್ತಿಗೆ ಅದೇ ಕಾರ್ಯಕ್ರಮದವರು ತದ್ವಿರುದ್ಧ ದಾರಿ ಹಿಡಿದರು. ಒಬ್ಬರ ಮುಖ ಒಬ್ಬರು ನೋಡಿರದ ಅಪರಿಚಿತರನ್ನು ತಂದು, ಅಲ್ಲೇ ಜೋಡಿ ಮಾಡಿ ಓಡಿಸಿದರು. ಇನ್ನು, ಅವರಲ್ಲಿ ಕೆಲವರಿಗೆ ಹೆಸರು ಕೊಟ್ಟಿದ್ದ 'ವೈನ್' ಮುಚ್ಚುವುದೆಂದು 2016ರ ಅಕ್ಟೋಬರಿನಲ್ಲಿ ಪ್ರಕಟಣೆಯಾಯಿತು. 2017ರ ಜನವರಿಗೆ ಅದು ಮುಗಿದೇ ಹೋಯಿತು. ಬೇರೆಯವರ ಜಾಗದಲ್ಲಿ ಕಟ್ಟಿದ ಮನೆಯ ಪಾಡು ಇದು.

ಇದು ದೂರದ ಕಥೆ ಅಂದುಕೊಳ್ಳಬೇಡಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆದದ್ದೂ ಇದೇ. ಗಡಿಯ ಪ್ರಶ್ನೆ, ಭದ್ರತೆಯ ಪ್ರಶ್ನೆ ಬೇರೆ. ಅದನ್ನು ನಾನು ಇಲ್ಲಿ ಎತ್ತುವುದಿಲ್ಲ. ಆದರೆ ಹೊಲದ ಬದುವಿನ ಮೇಲೆ ನಿಂತು ಹಾಡಿದವರು, ಪಾತ್ರೆ ತೊಳೆಯುತ್ತ ನಗಿಸಿದವರು, ಇಂಗ್ಲಿಷ್ ಬಾರದವರು ಅಲ್ಲಿ ಮೊದಲ ಬಾರಿಗೆ ನೋಡುಗರನ್ನು ಕಂಡಿದ್ದರು. ಒಂದೇ ರಾತ್ರಿಯಲ್ಲಿ ಆ ಲೆಕ್ಕವೆಲ್ಲ ಸೊನ್ನೆಯಾಯಿತು. ಕೆಲವರು ಬೇರೆ ತಾಣದಲ್ಲಿ ಮತ್ತೆ ಒಂದರಿಂದ ಎಣಿಸತೊಡಗಿದರು. ಹಲವರು ಸುಮ್ಮನಾದರು.

ಇನ್ನು ನಮ್ಮ ಕಡೆಯ ಆಯ್ಕೆಗಳನ್ನು ನೋಡೋಣ. ಭಾರತದಲ್ಲಿ ಪ್ರಯಾಣದ ಸ್ಪರ್ಧೆ ಎಂದರೆ ಮೊದಲು ನೆನಪಾಗುವುದು 2003ರಲ್ಲಿ ಎಂಟಿವಿ ಶುರು ಮಾಡಿದ 'ರೋಡೀಸ್'. ಬೈಕಿನ ಮೇಲೆ ಹೊರಟವರು ಹೆಸರಿಲ್ಲದ ಯುವಕ ಯುವತಿಯರು. ಮೊದಲ ವಿಜೇತ ರಣವಿಜಯ್ ಸಿಂಗ್ ಆ ಮೇಲೆ ನಿರೂಪಕರಾಗಿ ಮನೆಮಾತಾದರು. ಅಲ್ಲಿ ಓಟ ಮೊದಲು, ಹೆಸರು ಆಮೇಲೆ.

ಕನ್ನಡದಲ್ಲಿ ಊರು ಬಿಟ್ಟು ಊರಿಗೆ ಕರೆದೊಯ್ಯುವ ಪ್ರಯೋಗ ನಡೆದದ್ದು ಸುವರ್ಣ ವಾಹಿನಿಯಲ್ಲಿ. 2010ರಲ್ಲಿ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ಬಂತು. ನಗರದ ಹುಡುಗಿಯರು ಹಳ್ಳಿಯಲ್ಲಿದ್ದು ಸಗಣಿ ಬಾಚುವುದು, ನೀರು ಹೊರುವುದು ಕಲಿಯಬೇಕು. ಅಕುಲ್ ಬಾಲಾಜಿ ನಿರೂಪಕರು. ಅದರ ಬೆನ್ನಿಗೇ ತಿರುಗುಮುರುಗು ಮಾಡಿ 'ಹಳ್ಳಿ ಹೈದ ಪ್ಯಾಟೆಗ್ ಬಂದ' ಎಂದರು. ಎಚ್.ಡಿ. ಕೋಟೆಯ ಕಾಡಂಚಿನ ಬಳ್ಳೆ ಹಾಡಿಯ ರಾಜೇಶ್ ಅದರಲ್ಲಿ ಗೆದ್ದರು. ರಾಜ್ಯವೆಲ್ಲ ಅವರನ್ನು ಗುರುತಿಸಿತು. 'ಜಂಗಲ್ ಜಾಕಿ' ಎಂಬ ಚಿತ್ರಕ್ಕೆ ನಾಯಕರೂ ಆದರು. ಆದರೆ 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು. ಒಬ್ಬ ಮನುಷ್ಯನ ಸಾವಿಗೆ ಇದೇ ಕಾರಣ ಎಂದು ಬೆರಳು ತೋರಿಸುವುದು ತಪ್ಪು, ನಾನು ತೋರಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಒಂದಿದೆ. ಹಾಡಿಯಿಂದ ಪೇಟೆಗೆ ಕರೆತರುವ ದಾರಿ ಎಲ್ಲರೂ ನೋಡುವಂತೆ ಇತ್ತು. ಕ್ಯಾಮೆರಾ ಆರಿದ ಮೇಲೆ ಹಿಂದಿರುಗುವ ದಾರಿಯನ್ನು ಯಾರು ತೋರಿಸಬೇಕಿತ್ತು?

ಮೊಬೈಲಿನ ತಾರೆಗಳು ಕನ್ನಡದ ಟಿವಿಯಲ್ಲಿ ಹೆಚ್ಚು ಕಾಣಿಸಿಕೊಂಡದ್ದು 'ಬಿಗ್ ಬಾಸ್'ನಲ್ಲಿ. ನೆದರ್ಲೆಂಡಿನಲ್ಲಿ 1999ರಲ್ಲಿ ಹುಟ್ಟಿದ 'ಬಿಗ್ ಬ್ರದರ್'ನ ಕನ್ನಡ ರೂಪ 2013ರಲ್ಲಿ ಸುದೀಪ್ ನಿರೂಪಣೆಯಲ್ಲಿ ಬಂತು. ಮೊದಲಿಗೆ ಸಿನಿಮಾ, ಧಾರಾವಾಹಿಯವರೇ ಹೆಚ್ಚು. ಬರಬರುತ್ತ ರೀಲ್ಸ್‌ನಿಂದ, ಯೂಟ್ಯೂಬಿನಿಂದ ಹೆಸರಾದವರೂ ಬಂದರು. 2022ರಲ್ಲಿ ಟಿವಿಗಿಂತ ಮೊದಲು ಮೊಬೈಲಿಗೆಂದೇ ಒಂದು ಆವೃತ್ತಿ ನಡೆಯಿತು.

ಓಟಕ್ಕೂ ಈ ಮನೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಓಟದಲ್ಲಿ ನಿರ್ಣಯ ಗಡಿಯಾರದ್ದು. ಇಲ್ಲಿ ನಿರ್ಣಯ ವೀಕ್ಷಕರ ಮತದ್ದು. ಮತ ಹಾಕುವುದು ಮೊಬೈಲಿನಲ್ಲಿ. ಮೊದಲೇ ಮೊಬೈಲಿನಲ್ಲಿ ಲಕ್ಷ ಜನರನ್ನು ಇಟ್ಟುಕೊಂಡು ಒಳಗೆ ಬಂದವರಿಗೆ ಚುನಾವಣೆಗೆ ಮೊದಲೇ ಮತದಾರರ ಪಟ್ಟಿ ಕೈಗೆ ಸಿಕ್ಕಂತೆ. ಆದರೂ ಲೆಕ್ಕ ಯಾವಾಗಲೂ ಹಾಗೇ ಬರುವುದಿಲ್ಲ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಆ ಜಿಲ್ಲೆಯ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಹನುಮಂತ, ಕುರಿ ಕಾಯುತ್ತ ಹಾಡುತ್ತಿದ್ದವರು, 'ಸರಿಗಮಪ'ದಲ್ಲಿ ಹಾಡಿ ನಾಡಿಗೆ ಪರಿಚಿತರಾದರು. ಆಮೇಲೆ ಬಿಗ್ ಬಾಸ್‌ನ 11ನೆಯ ಆವೃತ್ತಿಗೆ ನಡುವೆ ಸೇರಿಕೊಂಡು 2025ರ ಜನವರಿಯಲ್ಲಿ ಗೆದ್ದರು. ನಡುವೆ ಬಂದವರು ಗೆದ್ದದ್ದು ಕನ್ನಡದಲ್ಲಿ ಅದೇ ಮೊದಲು. ಅವರಿಗೆ ಹೆಸರು ತಂದದ್ದು ಕಂಠ, ಉಳಿಸಿದ್ದು ನಡವಳಿಕೆ.

ಹಾಗಾದರೆ ವಾಹಿನಿಯವರು ತಾರೆಗಳನ್ನೇ ಏಕೆ ಹುಡುಕುತ್ತಾರೆ? ಕಾರಣ ಸರಳ. ಒಂದು, ಅವರು ಬರುವಾಗ ತಮ್ಮ ನೋಡುಗರನ್ನೂ ಕರೆತರುತ್ತಾರೆ. ಪ್ರಚಾರದ ಖರ್ಚು ಉಳಿಯುತ್ತದೆ. ಎರಡು, ಕ್ಯಾಮೆರಾ ಕಂಡರೆ ಹೆದರುವುದಿಲ್ಲ. ಮೂರು, ಟಿವಿ ಬಿಟ್ಟು ಮೊಬೈಲ್ ಹಿಡಿದ ಹರೆಯದವರನ್ನು ಮತ್ತೆ ಟಿವಿ ಮುಂದೆ ಕೂರಿಸುವ ಆಸೆ. ನಷ್ಟವೂ ಇದೆ. ದಿನವೂ ತಮ್ಮನ್ನು ತಾವೇ ತೋರಿಸಿಕೊಂಡು ಪಳಗಿದವರಿಗೆ ಯಾವಾಗ ಅಳಬೇಕು, ಯಾವಾಗ ನಗಬೇಕು ಎಂಬುದು ಗೊತ್ತು. ನೋಡುವವನು ಮಾತ್ರ 'ಇದು ನಿಜವೋ, ಇದೂ ಒಂದು ರೀಲೋ' ಎಂದು ಕೇಳಿಕೊಳ್ಳುತ್ತಾನೆ.

ಈಗ ನನ್ನದೇ ಒಂದು ಅನುಭವ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ರೂಮಿನ ಗೆಳೆಯನೊಬ್ಬನ ಜೊತೆ ಬೆಂಗಳೂರಿಗೆ ಹೋಗಿದ್ದೆ. ಯಾವುದೋ ಸಾಹಸದ ಕಾರ್ಯಕ್ರಮಕ್ಕೆ ಆಯ್ಕೆ. ಅವನು ತುಂಬಿದ ಹೊಳೆಯಲ್ಲಿ ಈಜುವವನು, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನು. ಬೆಳಗ್ಗೆ ಆರಕ್ಕೆ ಸಾಲಿನಲ್ಲಿ ನಿಂತೆವು. ಅರ್ಜಿಯಲ್ಲಿ ಹೆಸರು, ವಯಸ್ಸು ಆದ ಕೂಡಲೇ ಕೇಳಿದ್ದು ಫಾಲೋವರ್ಸ್ ಎಷ್ಟು ಎಂದು. ಅವನು ನಿಜವನ್ನೇ ಬರೆದ: 212. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದವನು ಎರಡು ನಿಮಿಷದಲ್ಲಿ ಹೊರಗೆ ಬಂದ. ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲವಂತೆ. ರಾತ್ರಿ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಬೆಳಗ್ಗೆ ಬೆಣ್ಣೆದೋಸೆ ತಿನ್ನುತ್ತ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: 'ಸೋತಿದ್ರೆ ಬೇಜಾರಿರ್ಲಿಲ್ಲಪ್ಪ. ಓಡೋಕೇ ಬಿಡ್ಲಿಲ್ಲ.'

ತಾರೆಗಳ ಮೇಲೆ ನನಗೆ ಸಿಟ್ಟಿಲ್ಲ. ಮೊಬೈಲಿನಲ್ಲಿ ಜನರನ್ನು ಗಳಿಸುವುದೂ ಕಷ್ಟದ ದುಡಿಮೆಯೇ. ಆದರೆ ಸ್ಪರ್ಧೆ ಎಂದು ಕರೆದ ಮೇಲೆ ಗೆರೆಯ ಮೇಲೆ ನಿಲ್ಲುವ ಹಕ್ಕು ಎಲ್ಲರಿಗೂ ಇರಬೇಕು. ಹತ್ತು ಜನ ಹೆಸರಿದ್ದವರ ನಡುವೆ ಐದು ಜನ ಹೆಸರಿಲ್ಲದವರಿಗಾದರೂ ಜಾಗ ಇಟ್ಟರೆ ಆಟಕ್ಕೇ ಕಳೆ ಬರುತ್ತದೆ.

ಇನ್ನೊಂದು ಮಾತು. ಪ್ರವಾಸ ಮಾಡಲು ಸ್ಪರ್ಧೆಯೇ ಬೇಕೆಂದಿಲ್ಲ. ಕನ್ನಡದಲ್ಲಿ ಪ್ರವಾಸ ಎಂದರೆ ಹೋಗಿ ನೋಡಿ ಬಂದು ಹೇಳುವುದು. ಶಿವರಾಮ ಕಾರಂತರು 'ಅಬುವಿನಿಂದ ಬರಾಮಕ್ಕೆ' ಬರೆದದ್ದು, ಗೊರೂರರು 'ಅಮೆರಿಕಾದಲ್ಲಿ ಗೊರೂರು' ಬರೆದದ್ದು ಯಾರನ್ನೂ ಸೋಲಿಸಲು ಅಲ್ಲ. ಈಗ 'ಡಾಕ್ಟರ್ ಬ್ರೋ' ಎಂದು ಹೆಸರಾಗಿರುವ ಗಗನ್ ಶ್ರೀನಿವಾಸ್ ಕ್ಯಾಮೆರಾ ಹಿಡಿದು ದೇಶ ದೇಶ ಸುತ್ತಿ ಕನ್ನಡದಲ್ಲೇ ಮಾತಾಡುತ್ತಾರೆ. ಊರಿನ ಅಜ್ಜ ಅಜ್ಜಿಯರೂ ಕೂತು ನೋಡುತ್ತಾರೆ. ಓಟದವನಿಗೆ ತಾಜಮಹಲಿನ ಮುಂದೆಯೂ ಮುಂದಿನ ಸುಳಿವಿನದೇ ಚಿಂತೆ. ಹೀಗೆ ಹೋದವನಿಗೆ ಚಹಾ ಅಂಗಡಿಯವನ ಜೊತೆ ಅರ್ಧ ಗಂಟೆ ಕೂರುವ ಪುರುಸೊತ್ತಿದೆ.

ಕೊನೆಯದಾಗಿ, ನಿಮ್ಮಲ್ಲಿ ಯಾರಾದರೂ ಆಯ್ಕೆಯಾಗಿ ಹೊರಟರೆ ಈ ತಮ್ಮನ, ಅಣ್ಣನ ನಾಲ್ಕು ಮಾತು ಕೇಳಿ. ಸಹಿ ಹಾಕುವ ಮೊದಲು ಕರಾರು ಪತ್ರವನ್ನು ತಿಳಿದವರಿಂದ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ. ಎಷ್ಟು ದಿನ, ಎಷ್ಟು ದುಡ್ಡು, ಯಾವಾಗ ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಮನಸ್ಸು ಕುಗ್ಗಿದರೆ ಮಾತಾಡಲು ವೈದ್ಯರಿದ್ದಾರೆಯೇ ಎಂಬುದನ್ನೂ ಕೇಳಿ. ಆಯ್ಕೆ ಮಾಡುತ್ತೇವೆಂದು ಮುಂಗಡ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಇಪ್ಪತ್ತನಾಲ್ಕು ಗಂಟೆ ತೆಗೆದದ್ದರಲ್ಲಿ ತೋರಿಸುವುದು ಒಂದೂವರೆ ಗಂಟೆ. ಯಾವ ತುಣುಕು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದು ನೆನಪಿರಲಿ.

ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಎಷ್ಟು ಫಾಲೋವರ್ಸ್ ಬೇಕು? ಆ ಸಂಖ್ಯೆಯನ್ನು ಅವರು ಎಲ್ಲೂ ಬರೆದಿಟ್ಟಿಲ್ಲ; ಇವತ್ತು ಲಕ್ಷವಾದರೆ ನಾಳೆ ಹತ್ತು ಲಕ್ಷ. ಅದರ ಹಿಂದೆ ಓಡಿದರೆ ಗೆರೆ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ನಿನಗೆ ಹಾಡು ಬಂದರೆ ಹಾಡನ್ನು, ಈಜು ಬಂದರೆ ಈಜನ್ನು ಗಟ್ಟಿ ಮಾಡಿಕೋ ತಂಗಿ. ಆ್ಯಪ್ ಮುಚ್ಚಬಹುದು, ಷೋ ಮುಗಿಯಬಹುದು. ಕಲಿತದ್ದು ಮುಚ್ಚುವುದಿಲ್ಲ.