ಕಿವಿಯೂ ಲಿಂಗಮುಖ



ಶ್ರೀಮಠದಲ್ಲಿ ಹತ್ತು ದಿನಗಳಿಂದ ನಡೆದುಬಂದ ದೃಷ್ಟಿಹೀನ ಯುವಕ ಯುವತಿಯರ ಸಂಗೀತ ಶಿಬಿರವು ಇಂದಿಗೆ ಮಂಗಲವಾಗುತ್ತಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವರ ಗಾಯನವಿದೆ. ಅದಕ್ಕೆ ಮೊದಲು ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕಾಗಿದೆ. ಅವುಗಳಲ್ಲಿ ಒಂದು ನಮ್ಮದೇ ತಪ್ಪಿನ ಮಾತು.

ಷಟ್‌ಸ್ಥಲ ಶಾಸ್ತ್ರವು ಒಂದೊಂದು ಇಂದ್ರಿಯದಲ್ಲಿ ಒಂದೊಂದು ಲಿಂಗವನ್ನು ನೆಲೆಗೊಳಿಸಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ನೇತ್ರವೊಂದು ಇಲ್ಲವೆಂದರೆ ಉಳಿದ ಐದು ಎಲ್ಲಿಗೆ ಹೋದವು? ರೂಪವನ್ನು ಅರ್ಪಿಸಲಾರದವನು ಶಬ್ದವನ್ನು ಅರ್ಪಿಸಬಲ್ಲನು. ಹೀಗಿರಲು ಕಣ್ಣಿಲ್ಲದ ಕೂಸು ಹುಟ್ಟಿತೆಂದರೆ ‘ಅದರ ಕರ್ಮ’ ಎಂದು ಹಣೆಗೆ ಕೈ ಹಚ್ಚಿ ಒಳಕೋಣೆಯಲ್ಲಿ ಕೂರಿಸುವುದು ಯಾವ ಶಾಸ್ತ್ರ? ಅದರಲ್ಲೂ ಹೆಣ್ಣುಕೂಸಾದರೆ ನೆರೆಮನೆಯವರಿಗೂ ಗೊತ್ತಾಗದಂತೆ ಇಡುತ್ತಾರೆ. ಸಂಸ್ಕೃತ ಓದಿದ ನಮ್ಮಂಥವರ ರೀತಿಯೇ ಬೇರೆ. ‘ಪ್ರಜ್ಞಾಚಕ್ಷು’ ಎಂಬ ದೊಡ್ಡ ಹೆಸರು ಕೊಟ್ಟು ಅಲ್ಲಿಗೆ ಸುಮ್ಮನಾಗುತ್ತೇವೆ. ಮಹಾಭಾರತದಲ್ಲಿ ಧೃತರಾಷ್ಟ್ರನಿಗೂ ಅದೇ ಹೆಸರಿದೆಯೆಂಬುದು ಆಗ ನೆನಪಿರುವುದಿಲ್ಲ.

ಬರಿಯ ಹೆಸರು ಕೊಡದೆ ವಿದ್ಯೆ ಕೊಡಿಸಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರೇ ಅವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಅಂಧ ಬಾಲಕನ ಕಂಠವನ್ನು ಕೇಳಿ, ಅವನಿಗೆ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡರಲ್ಲಿಯೂ ಶಿಕ್ಷಣ ದೊರೆಯುವಂತೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು ಜಾತಿ ಕೇಳದೆ ಶಿಷ್ಯರನ್ನು ಕಟ್ಟಿಕೊಂಡು, ಊರಿಂದೂರಿಗೆ ತಿರುಗುತ್ತಲೇ ಪಾಠಶಾಲೆ ನಡೆಸಿದರು. ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದನ್ನು ನೆಲೆಗೊಳಿಸಿ 1944ರಲ್ಲಿ ಲಿಂಗೈಕ್ಯರಾದರು. ಅವರ ತರುವಾಯ ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ನಾಟಕ ಕಂಪನಿ ನಡೆಸಿ ಆಶ್ರಮದ ಒಲೆ ಆರದಂತೆ ನೋಡಿಕೊಂಡರು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಅಲ್ಲಿ ಕಲಿತವರಲ್ಲಿ ಕಣ್ಣುಳ್ಳವರೂ ಬಹಳ ಮಂದಿ. ಪಂಡಿತ ಬಸವರಾಜ ರಾಜಗುರುಗಳಂಥ ಮಹಾಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಕಣ್ಣುಳ್ಳವರು ಅಂಧ ಗುರುವಿನ ಪಾದ ಹಿಡಿದ ಈ ನೆಲದಲ್ಲಿ ಅಂಧರನ್ನು ಕಂಡರೆ ಮೊದಲು ಜೇಬಿಗೆ ಕೈಹೋಗುವುದೇಕೆ?

ಈಗ ನಮ್ಮ ಶಿಬಿರದ ಮಾತು. ಪಾಠ ಹೇಳಲು ಬಂದ ಸಂಗೀತಗಾರರಿಗೆ ಮೊದಲ ದಿನ ಬಲು ತೊಡಕಾಯಿತು. ‘ಹೀಗೆ ನೋಡು’ ಎಂಬ ಮಾತು ಅವರ ಬಾಯಿಂದ ತಪ್ಪದೆ ಬರುತ್ತಿತ್ತು. ಹಾರ್ಮೋನಿಯಮ್ಮಿನಲ್ಲಿ ಕರಿಯ ಪಟ್ಟಿಗಳು ಎರಡರದೊಂದು ಗುಂಪು, ಮೂರರದೊಂದು ಗುಂಪಾಗಿ ಇರುತ್ತವಷ್ಟೆ. ಬೆರಳಿಗೆ ಆ ಗುಂಪಿನ ಗುರುತು ಹತ್ತಿದರೆ ಸಾಕು, ಉಳಿದ ಪಟ್ಟಿಗಳು ತಾವಾಗಿ ಸಿಕ್ಕುತ್ತವೆ. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದಕ್ಕೆ ಖಾಲಿ ಬರುತ್ತದೆ. ಖಾಲಿಗೆ ನಾವು ಚಪ್ಪಾಳೆ ತಟ್ಟದೆ ಕೈ ಬೀಸುತ್ತೇವೆ. ಬೀಸಿದ ಕೈಗೆ ಸಪ್ಪಳವೆಲ್ಲಿ? ಗುರುಗಳು ಇದಕ್ಕೇನು ಮಾಡುವುದೆಂದು ಯೋಚಿಸುತ್ತಿರುವಾಗ ಒಬ್ಬ ಹುಡುಗ, ಖಾಲಿಯ ಹತ್ತಿರ ಡಗ್ಗಾದ ಗುಂಗು ಅಡಗುತ್ತದೆ, ಅದರಿಂದಲೇ ತಿಳಿಯುತ್ತದೆ ಎಂದನು. ಇಷ್ಟು ವರ್ಷ ಭಜನೆ ಕೇಳಿದ ನಾವು ಅದನ್ನು ಗಮನಿಸಿರಲಿಲ್ಲ. ಕಲಿತ ಬಂದಿಶ್ ಮರೆಯದಿರಲು ಕೆಲವರು ಮೊಬೈಲಿನಲ್ಲಿ ಪಾಠ ಮುದ್ರಿಸಿಕೊಳ್ಳುತ್ತಾರೆ, ಕೆಲವರು ಬ್ರೈಲ್ ಚುಕ್ಕಿಗಳಲ್ಲಿ ಬರೆದುಕೊಳ್ಳುತ್ತಾರೆ. ಆರು ಚುಕ್ಕಿಗಳ ಆ ಲಿಪಿಯನ್ನು ಕಟ್ಟಿದ ಫ್ರಾನ್ಸ್ ದೇಶದ ಲೂಯಿ ಬ್ರೈಲ್ ತಾನೂ ಅಂಧ, ಆರ್ಗನ್ ವಾದಕ. 1829ರಲ್ಲಿ ಅವನು ಹೊರತಂದ ಪುಸ್ತಕದಲ್ಲಿ ಮಾತಿನ ಜೊತೆಗೆ ಸಂಗೀತವನ್ನು ಬರೆಯುವ ಕ್ರಮವೂ ಇತ್ತು.

ವಸತಿಯಿಂದ ಪ್ರಸಾದನಿಲಯದವರೆಗೆ ಹಿಡಿದು ನಡೆಯಲೆಂದು ನಾವು ಹಗ್ಗ ಕಟ್ಟಿಸಿದ್ದೆವು. ಎರಡನೆಯ ದಿನ ಅವರೇ ಅದನ್ನು ಬಿಚ್ಚಿಸಿದರು. ಕಾಲಿಗೆ ತೊಡರುತ್ತಿತ್ತಂತೆ!

ಇನ್ನು ತಪ್ಪಿನ ಮಾತು. ಕಳೆದ ವರ್ಷದ ಶಿಬಿರದ ಕೊನೆಯ ಸಂಜೆ ಇದೇ ವೇದಿಕೆಯ ಮುಂದೆ ಒಂದು ತಟ್ಟೆ ಇಡಲು ನಾವೇ ಅಪ್ಪಣೆ ಕೊಟ್ಟಿದ್ದೆವು. ಹಾಡು ನಡೆದಿರುವಾಗಲೇ ತಾವು ಸಾಲಾಗಿ ಬಂದು ಹಣ ಹಾಕಿದಿರಿ. ಮೊತ್ತವೂ ಚೆನ್ನಾಗಿ ಕೂಡಿತು. ನಮಗೆ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು? ಮರುದಿನ ಬೆಳಿಗ್ಗೆ ಊರಿಗೆ ಹೊರಟ ಒಬ್ಬ ಹುಡುಗಿ ಪಾದಪೂಜೆಯ ಹೊತ್ತಿಗೆ ಬಂದು, “ಅಜ್ಜಾರ, ಎಲ್ಲಾರೂ ರೊಕ್ಕಾ ಕೊಟ್ರು. ನನ್ನ ಯಮನ ಹೆಂಗಿತ್ತು ಅಂತ ಒಬ್ರೂ ಹೇಳಲಿಲ್ರಿ. ಮಧ್ಯಮ ಇಳದಿತ್ತು ಅನಸ್ತದ, ಹೌದೇನ್ರಿ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಹಾಡುತ್ತಿದ್ದಾಗ ನಮ್ಮ ಲಕ್ಷ್ಯವೆಲ್ಲ ತಟ್ಟೆಯ ಮೇಲಿತ್ತು. ಪ್ರಸಾದಲಿಂಗದ ಬಾಗಿಲಲ್ಲಿ ನೈವೇದ್ಯ ಹಿಡಿದು ನಿಂತವಳ ಕಡೆಗೆ ಲಕ್ಷ್ಯ ಕೊಡದೆ ನಾವು ಕಾಸು ಎಣಿಸಿದ್ದೆವು. ದಾಸೋಹವೆಂದರೆ ಕೊಡುವವನು ಕೆಳಗೆ ನಿಂತು ಕೊಡುವುದು. ನಾವು ಅಂದು ಮಾಡಿದ್ದು ಭಿಕ್ಷೆ, ಅದೂ ಪರರ ಕಂಠದಿಂದ ಎತ್ತಿಸಿದ ಭಿಕ್ಷೆ. ಆಕೆಗೆ “ನಾವು ಕೇಳಲಿಲ್ಲ ತಾಯಿ” ಎಂದಷ್ಟೇ ಹೇಳಿದೆವು.

ಆದಕಾರಣ ಈ ಸಲ ತಟ್ಟೆಯಿಲ್ಲ. ಶಿಬಿರದ ವೆಚ್ಚವನ್ನು ಮಠವೇ ಹೊತ್ತಿದೆ. ಇಂದು ಹಾಡುವವರಿಗೂ ನುಡಿಸುವವರಿಗೂ ಜಾತ್ರೆಗೆ ಬರುವ ಬೇರೆ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆಯನ್ನು ಕೊಡುತ್ತೇವೆ. ತಮ್ಮಲ್ಲಿ ಮದುವೆ, ಗೃಹಪ್ರವೇಶ, ಶಿವಾನುಭವಗೋಷ್ಠಿಗಳಿಗೆ ಗಾಯಕರು ಬೇಕಾದವರು ಇವರನ್ನು ಕರೆಯಿರಿ; ಕರೆದರೆ ಹಣದ ಮಾತನ್ನು ಮೊದಲೇ ಆಡಿ, ಬಸ್ಸಿನ ಖರ್ಚನ್ನೂ ಕೊಡಿ. ತಮ್ಮ ಓಣಿಯಲ್ಲಿ ಒಳಕೋಣೆಯಲ್ಲಿ ಕೂತ ಮಗನೋ ಮಗಳೋ ಇದ್ದರೆ ಮುಂದಿನ ಶಿಬಿರಕ್ಕೆ ಕಳಿಸಿಕೊಡಿ. ಹೆಣ್ಣುಮಕ್ಕಳಿಗೆ ಬೇರೆ ವಸತಿಯಿದೆ, ತಾಯಿಯೂ ಜೊತೆಗಿರಬಹುದು. ಎಲ್ಲರಿಗೂ ಸಂಗೀತ ಬಂದೇಬರುತ್ತದೆಂದು ನಾವು ಹೇಳುವುದಿಲ್ಲ. ಈ ಶಿಬಿರದಲ್ಲಿಯೂ ಇಬ್ಬರಿಗೆ ಶ್ರುತಿ ಹತ್ತಲಿಲ್ಲ. ಕಣ್ಣಿಲ್ಲದವರೆಲ್ಲ ಹುಟ್ಟುಗಾಯಕರೆಂಬುದು ಜನ ಕಟ್ಟಿದ ಮಾತು. ಆ ಇಬ್ಬರ ಓದಿಗೆ ಬೇರೆ ವ್ಯವಸ್ಥೆ ಮಾಡುತ್ತಿದ್ದೇವೆ.

ಹಾಡಿನ ನಡುವೆ ಯಾರೂ ಎದ್ದು ಬರಬೇಡಿ. ಮುಗಿದ ಮೇಲೆ ಅವರ ಹತ್ತಿರ ಹೋಗಿ, ತಮ್ಮ ಹೆಸರು ಹೇಳಿ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಮಾತಾಡಿ. ಕಳೆದ ವರ್ಷದ ಆ ಹುಡುಗಿ ಈ ಸಲವೂ ಬಂದಿದ್ದಾಳೆ. ಮೊದಲು ಆಕೆಯದೇ ಯಮನ. ತಂಬೂರಿ ಶ್ರುತಿಯಾಗಿದೆಯೆಂದು ಒಳಗಿನಿಂದ ಹೇಳಿಕಳಿಸಿದ್ದಾರೆ. ನಾವೂ ಕೆಳಗೆ ತಮ್ಮೊಡನೆ ಬಂದು ಕೂಡುತ್ತೇವೆ.