ಕಾವು ಹೋಯಿತು, ಬಣ್ಣ ಉಳಿಯಿತೇ?

ಮಹಾರಾಷ್ಟ್ರದ ಗಡಿಭಾಗದ ಜಳಕೋಟ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ಲಗ್ನದ ಹಂದರಗಳಲ್ಲಿ, ಜಾತ್ರೆಗಳಲ್ಲಿ, ಕಿರುಚಿತ್ರ ತೆಗೆಯುವ ಹುಡುಗರ ಕೈಯಲ್ಲಿ ಇಂದು ಚಪ್ಪಟೆಯಾದ, ಬ್ಯಾಟರಿಯಿಂದ ನಡೆಯುವ ಎಲ್‌ಇಡಿ ಪ್ಯಾನಲ್ ದೀಪ ಸಾಮಾನ್ಯವಾಗಿದೆ. ಅದನ್ನು ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವ್ಯಾಟ್?’ ಎಂಬುದು. ಈ ಪ್ರಶ್ನೆ ತಪ್ಪೇನಲ್ಲ, ಆದರೆ ಹಳೆಯದು. ಉರಿದು ಬೆಳಗುವ ದೀಪಗಳ ಕಾಲದಲ್ಲಿ ಹುಟ್ಟಿದ ಪ್ರಶ್ನೆಯನ್ನು ಉರಿಯದೆ ಬೆಳಗುವ ದೀಪಕ್ಕೆ ನಾವು ಇನ್ನೂ ಕೇಳುತ್ತಿದ್ದೇವೆ. ಚಿತ್ರೀಕರಣದ ಬೆಳಕು ನಡೆದುಬಂದ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಹಳೆಯ ದೀಪದಲ್ಲಿ ಬಣ್ಣ ತಾನಾಗಿ ಬರುತ್ತಿತ್ತು, ತಾಪತ್ರಯವೆಲ್ಲ ಕಾವಿನದು. ಹೊಸ ದೀಪದಲ್ಲಿ ಕಾವು ಕಳೆದಿದೆ, ಬಣ್ಣವನ್ನು ಮಾತ್ರ ನಾವೇ ಪರೀಕ್ಷಿಸಿ ತೆಗೆದುಕೊಳ್ಳಬೇಕಾಗಿದೆ.

ಈ ಕಥೆಯ ಕನ್ನಡದ ಅಧ್ಯಾಯ ಆರಂಭವಾಗುವುದೇ ಮಹಾರಾಷ್ಟ್ರದ ನೆಲದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಮೂಕಿಚಿತ್ರಗಳ ಕಾಲದಲ್ಲಿ ಸೂರ್ಯನೇ ದೊಡ್ಡ ದೀಪ. ಅವನು ಸಾಲದಿದ್ದಲ್ಲಿ ಇದ್ದಿಲ ಕಡ್ಡಿಗಳ ನಡುವೆ ಕಿಡಿ ಹಾರಿಸುವ ಆರ್ಕ್ ದೀಪ. ಸಿನಿಮಾಕ್ಕೆ ಮಾತು ಬಂದಾಗ ಈ ಆರ್ಕ್ ದೀಪದ ಸದ್ದೇ ಅಡ್ಡಿಯಾಯಿತು, ಮೈಕು ಅದನ್ನೂ ಹಿಡಿಯತೊಡಗಿತು. ಹಾಗಾಗಿ 1920ರ ದಶಕದ ಕೊನೆಯಲ್ಲಿ ಹಾಲಿವುಡ್ ಸ್ಟುಡಿಯೋಗಳು ಸದ್ದಿಲ್ಲದ ಟಂಗ್‌ಸ್ಟನ್ ಬಲ್ಬಿನತ್ತ ಹೊರಳಿದವು. 1927ರಲ್ಲಿ ಸ್ಥಾಪನೆಯಾದ ಮೋಲ್-ರಿಚರ್ಡ್‌ಸನ್ ಸಂಸ್ಥೆ ಬೆಳೆದದ್ದು ಈ ಬಲ್ಬುಗಳಿಗೆ ಕವಚ ಕಟ್ಟಿಕೊಟ್ಟು. ಗಮನಿಸಿ, ಆ ಬದಲಾವಣೆಗೆ ಕಾರಣ ಹೆಚ್ಚಿನ ಪ್ರಕಾಶವಲ್ಲ. ಒಂದು ದೀಪದ ದೋಷ ಹೊಸ ಕೆಲಸಕ್ಕೆ ಒಗ್ಗಲಿಲ್ಲ, ದೀಪ ಬದಲಾಯಿತು. ಮುಂದೆಯೂ ಹೀಗೆಯೇ ನಡೆದಿದೆ.

ಟಂಗ್‌ಸ್ಟನ್ ಬಲ್ಬಿನ ಗುಣ ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಯಾವುದೇ ವಸ್ತು ಕಾಯ್ದು ಬೆಳಗಿದಾಗ ಕೆಂಪಿನಿಂದ ನೇರಳೆಯವರೆಗೆ ಎಲ್ಲ ಬಣ್ಣಗಳನ್ನೂ ನಡುವೆ ಎಲ್ಲೂ ಕಡಿಯದಂತೆ ಹೊಮ್ಮಿಸುತ್ತದೆ. ಸೂರ್ಯ, ಕಂದೀಲಿನ ಬತ್ತಿ, ಹಿಂದೆ ದೊಡ್ಡಾಟಕ್ಕೆ ಹಿಡಿಯುತ್ತಿದ್ದ ಹಿಲಾಲು, ಬಲ್ಬಿನ ತಂತಿ ಎಲ್ಲವೂ ಈ ವಿಷಯದಲ್ಲಿ ಒಂದೇ ವಂಶ. ಒಂದು ಹೆಚ್ಚು ಹಳದಿ, ಇನ್ನೊಂದು ಹೆಚ್ಚು ನೀಲಿ ಇರಬಹುದು. ಆದರೆ ಯಾವ ಬಣ್ಣವೂ ನಡುವೆ ಕಾಣೆಯಾಗಿರುವುದಿಲ್ಲ. ಈ ಹಳದಿ-ನೀಲಿಯ ವಾಲುವಿಕೆಯನ್ನು ಅಳೆಯುವ ಲೆಕ್ಕದಲ್ಲಿ ಚಿತ್ರೀಕರಣದ ಟಂಗ್‌ಸ್ಟನ್ ದೀಪ ಸುಮಾರು 3200 ಕೆಲ್ವಿನ್, ನಡುಹಗಲ ಬೆಳಕು ಸುಮಾರು 5600. ಈ ವ್ಯತ್ಯಾಸಕ್ಕೆ ಫಿಲ್ಮನ್ನೋ ಕ್ಯಾಮೆರಾದ ಹೊಂದಾಣಿಕೆಯನ್ನೋ ಬದಲಿಸಿದರೆ ಸಾಕಾಗುತ್ತಿತ್ತು. ಮುಖದ ಕಳೆ ಸರಿಯಾಗಿ ಬರುವುದೇ ಎಂದು ದೀಪ ಕೊಳ್ಳುವಾಗ ಯಾರೂ ಕೇಳಬೇಕಿರಲಿಲ್ಲ. ಹೀಗಾಗಿ ಉಳಿದ ಪ್ರಶ್ನೆ ಒಂದೇ, ಎಷ್ಟು ವ್ಯಾಟ್? ಅದಕ್ಕೆ ತೆರಬೇಕಿದ್ದ ಬೆಲೆಯೂ ಒಂದೇ, ಕಾವು. ಇಂಥ ಬಲ್ಬು ಕುಡಿದ ವಿದ್ಯುತ್ತಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ.

ಆ ಬೆಲೆ ಎಷ್ಟು ಭಾರಿಯಾಗಬಲ್ಲದು ಎಂಬುದಕ್ಕೆ ಮೈಸೂರು ಸಾಕ್ಷಿ. 1989ರ ಫೆಬ್ರವರಿ 8ರಂದು ಅಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 60ಕ್ಕೂ ಹೆಚ್ಚು ಜನ ಸತ್ತರು. ಅದನ್ನು ದೀಪವೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಡಿಲ ವೈರಿಂಗ್, ಗಾಳಿಯಾಡದ ಒಳಾಂಗಣ, ಬೆಂಕಿ ಆರಿಸುವ ವ್ಯವಸ್ಥೆಯ ಕೊರತೆ ಎಲ್ಲವೂ ಕಾರಣಗಳ ಪಟ್ಟಿಯಲ್ಲಿದ್ದವು. ಆದರೆ ದೊಡ್ಡ ದೀಪಗಳು ಒಳಗೆ ಏರಿಸಿದ್ದ ಬಿಸಿಯೂ ಆ ಪಟ್ಟಿಯಲ್ಲಿತ್ತು. ಸಣ್ಣ ಪ್ರಮಾಣದಲ್ಲಿ ಇದೇ ತೊಂದರೆ ವಿಡಿಯೋ ಕ್ಯಾಮೆರಾ ಬಂದ ಮೇಲೆ ಲಗ್ನದ ಮನೆಗಳಿಗೂ ಬಂತು. 1000 ವ್ಯಾಟಿನ ಹ್ಯಾಲೋಜನ್ ದೀಪ 230 ವೋಲ್ಟಿನ ಲೈನಿನಲ್ಲಿ ನಾಲ್ಕು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಅಂಥ ಎರಡು ದೀಪ ಹಚ್ಚಿದರೆ ಹಳೆಯ ಮನೆಯ ಫ್ಯೂಸು ಹಾರುವುದು ಸಹಜ. ಬಟ್ಟೆಯ ಹಂದರದ ಕೆಳಗೆ ಅದರ ಬಿಸಿ ಅಪಾಯವೂ ಹೌದು, ಬಾಸಿಂಗ ಕಟ್ಟಿಕೊಂಡು ಕೂತ ಮದುಮಕ್ಕಳಿಗೆ ಶಿಕ್ಷೆಯೂ ಹೌದು. ಎಲ್‌ಇಡಿ ಬಂದಾಗ ಜನ ಬಿಡುಗಡೆಯ ಉಸಿರು ಬಿಟ್ಟದ್ದರಲ್ಲಿ ಅರ್ಥವಿದೆ.

ಹಾಗಾದರೆ ಹಳೆಯ ಕಾಲದ ಒಳ್ಳೆಯ ಚಿತ್ರಗಳೆಲ್ಲ ವ್ಯಾಟಿನ ಬಲದಿಂದ ಆದವೇ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರ ಕೆಲಸ ಬೇರೆ ಉತ್ತರ ಕೊಡುತ್ತದೆ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಪಡೆದದ್ದು ದೊಡ್ಡ ದೀಪದಿಂದಲ್ಲ, ಕನ್ನಡಿಗಳಿಂದ ಒಳಗೆ ತಿರುಗಿಸಿದ ಬಿಸಿಲಿನಿಂದ. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ‘ಕಾಗಜ್ ಕೆ ಫೂಲ್’ಗೂ ಮೊದಲು, 1956ರ ಬಂಗಾಳಿ ಚಿತ್ರ ‘ಅಪರಾಜಿತೊ’ದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಕಾಶಿಯ ಮನೆಯ ಅಂಗಳವನ್ನು ಸೆಟ್ಟಿನಲ್ಲಿ ಬೆಳಗಬೇಕಾದಾಗ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ದೀಪ ಹಾಯಿಸಿ, ಬಟ್ಟೆಯಿಂದ ಮರಳಿ ಬಿದ್ದ ಮೆತ್ತನೆಯ ಬೆಳಕನ್ನು ಆಗಸದ ಬೆಳಕಾಗಿಸಿದರು. ನೇರ ದೀಪಕ್ಕಿಂತ ಮರಳಿ ಬಂದ ಬೆಳಕು ಪ್ರಖರತೆಯಲ್ಲಿ ಕಡಿಮೆ, ಆದರೆ ಅಗಲದಲ್ಲಿ ಹೆಚ್ಚು. ಕನ್ನಡದ ಹೊಸ ಅಲೆಯಲ್ಲಿ ಛಾಯಾಗ್ರಾಹಕ ಎಸ್. ರಾಮಚಂದ್ರ ‘ಘಟಶ್ರಾದ್ಧ’ ಚಿತ್ರವನ್ನು, ಆಮೇಲೆ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದರು. ಸ್ಟುಡಿಯೋ ಬಿಟ್ಟು ನಿಜವಾದ ಮನೆಗಳ ಒಳಗೆ ಹೊಕ್ಕ ಕ್ಯಾಮೆರಾಕ್ಕೆ ಬೇಕಾದದ್ದು ದೀಪಗಳ ಸೈನ್ಯವಲ್ಲ, ಬೆಳಕು ಎತ್ತಣಿಂದ ಬರುತ್ತದೆ, ಎಷ್ಟು ಅಗಲವಾಗಿ ಬರುತ್ತದೆ ಎಂಬ ತಿಳಿವಳಿಕೆ.

ಬಣ್ಣ ಮತ್ತು ಕಾವು ಬೇರೆಯಾಗತೊಡಗಿದ್ದು ಕಾಯದೆ ಬೆಳಗುವ ದೀಪಗಳಲ್ಲಿ. ಟ್ಯೂಬ್‌ಲೈಟು ಅವುಗಳಲ್ಲಿ ನಮಗೆ ಹೆಚ್ಚು ಪರಿಚಿತ. ಅದು ತಣ್ಣಗಿತ್ತು, ಅಗಲವಾಗಿತ್ತು, ಆದರೆ ಫಿಲ್ಮಿನ ಮೇಲೆ ಮುಖಗಳು ಹಸಿರು ತಿರುಗುತ್ತಿದ್ದವು. 1987ರ ‘ಬಾರ್‌ಫ್ಲೈ’ ಚಿತ್ರಕ್ಕೆ ಇಕ್ಕಟ್ಟಾದ ಕೋಣೆಗಳಲ್ಲಿ ಕೆಲಸ ಮಾಡಬೇಕಾದಾಗ ಹುಟ್ಟಿದ ಕಿನೋ ಫ್ಲೋ ದೀಪಗಳು ಟ್ಯೂಬನ್ನು ಸಿನಿಮಾಕ್ಕೆ ಪಳಗಿಸಿದವು; ಮಿನುಗು ಹೋಗುವಂತೆ ವಿದ್ಯುತ್ತನ್ನು ಬದಲಿಸಿ, ಬಣ್ಣ ಸರಿಹೋಗುವಂತೆ ಒಳಲೇಪವನ್ನು ತಿದ್ದಿ. ಆಮೇಲೆ ಬಂದದ್ದು ಎಲ್‌ಇಡಿ. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಯಿತು. ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಇದಕ್ಕೇ. ನಾವು ನೋಡುವ ಬಿಳಿ ಎಲ್‌ಇಡಿ ಹೆಚ್ಚಾಗಿ ಈ ನೀಲಿ ಚಿಪ್ಪಿನ ಮೇಲೆ ಹಳದಿ ಹೊಮ್ಮಿಸುವ ಲೇಪ ಬಳಿದು ಮಾಡಿದ್ದು. ನೀಲಿಯೂ ಹಳದಿಯೂ ಕೂಡಿ ಕಣ್ಣಿಗೆ ಬಿಳಿಯಾಗುತ್ತವೆ. ಆದರೆ ಆ ಬಿಳುಪಿನೊಳಗೆ ಕಡುಗೆಂಪು ಕಡಿಮೆ, ನೀಲಿ-ಹಸಿರಿನ ನಡುವಿನ ಪಟ್ಟಿಯೂ ಕಡಿಮೆ. ಗೋಡೆಯ ಮೇಲೆ ಬಿದ್ದಾಗ ಈ ಕೊರತೆ ತಿಳಿಯುವುದಿಲ್ಲ, ಮನುಷ್ಯರ ಮೇಲೆ ಬಿದ್ದಾಗ ತಿಳಿಯುತ್ತದೆ. ಚರ್ಮದ ಜೀವಕಳೆ ಇರುವುದು ಕೆಂಪಿನಲ್ಲಿ.

ಈ ಕೊರತೆಯನ್ನು ಅಳೆಯಲು ಸಿಆರ್‌ಐ ಎಂಬ ಅಂಕವಿದೆ, ಗರಿಷ್ಠ 100. ಡಬ್ಬಿಯ ಮೇಲೆ ಅದನ್ನು ದೊಡ್ಡದಾಗಿ ಮುದ್ರಿಸುತ್ತಾರೆ. ಆದರೆ ಆ ಅಂಕ ಎಂಟು ತಿಳಿಬಣ್ಣಗಳ ಸರಾಸರಿ ಮಾತ್ರ. ಕಡುಗೆಂಪು ಅದರಲ್ಲಿ ಸೇರಿಲ್ಲ. ಅದು ಒಂಬತ್ತನೆಯ ಮಾದರಿ, ಆರ್9 ಎಂದು ಬೇರೆಯಾಗಿ ಲೆಕ್ಕ. ಸಿಆರ್‌ಐ 80 ದಾಟಿದ ಅಗ್ಗದ ದೀಪದಲ್ಲಿ ಆರ್9 ಸೊನ್ನೆಯ ಹತ್ತಿರವೂ ಇರಬಹುದು, ಸೊನ್ನೆಗಿಂತ ಕೆಳಗೂ ಇಳಿಯಬಹುದು. ವಿಸ್ತೃತ ಪಟ್ಟಿಯ ಹದಿಮೂರನೆಯ ಮಾದರಿ ಮೈಬಣ್ಣದ್ದು, ಅದೂ ಯುರೋಪಿಯನ್ನರ ಮೈಬಣ್ಣ. ನಮ್ಮ ಗೋಧಿಬಣ್ಣಕ್ಕೂ ಎಣ್ಣೆಗೆಂಪಿಗೂ ಅಲ್ಲಿ ಜಾಗವಿಲ್ಲ. ಅಂಕವನ್ನು ಕಣ್ಣಿನ ಬದಲು ಕ್ಯಾಮೆರಾದ ದೃಷ್ಟಿಯಿಂದ ಕೊಡುವ ಟಿಎಲ್‌ಸಿಐ ಅಳತೆಯನ್ನು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2012ರಲ್ಲಿ ಮುಂದಿಟ್ಟಿತು, ಚಿತ್ರೀಕರಣಕ್ಕೆ ಅದು ಹೆಚ್ಚು ನಂಬತಕ್ಕದ್ದು. ಈ ಗಡಿಸೀಮೆಯಲ್ಲಿ ನಾವು ಚಿತ್ರೀಕರಿಸುವುದಾದರೂ ಏನನ್ನು? ಹಣೆಯ ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು, ಮಾಳೆಗಾವದ ಖಂಡೋಬಾನ ಜಾತ್ರೆಯಲ್ಲೂ ಖಾನಾಪುರದ ಮೈಲಾರನ ಮುಂದೆಯೂ ಹಾರುವ ಹಳದಿ ಭಂಡಾರ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೇರೆಯಾದವು, ಆದರೆ ಈ ಕೆಂಪು ಹಳದಿಗಳು ಎರಡೂ ಕಡೆ ಉಳಿದವು. ನಮ್ಮ ಬದುಕಿನಲ್ಲಿ ಇಷ್ಟು ಹೆಚ್ಚಿರುವ ಆ ಕೆಂಪಿನಲ್ಲೇ ಅಗ್ಗದ ದೀಪ ಬಡವಾಗಿದೆ.

ಇದಕ್ಕೆ ಆಕ್ಷೇಪಗಳು ಉಂಟು. ಬಣ್ಣ ಕೆಟ್ಟರೆ ಎಡಿಟಿಂಗ್‌ನಲ್ಲಿ ಸರಿಪಡಿಸಬಹುದಲ್ಲ ಎಂಬುದು ಮೊದಲನೆಯದು. ಅರ್ಧ ನಿಜ. ಇಡೀ ಚಿತ್ರ ಹಳದಿಗೋ ನೀಲಿಗೋ ವಾಲಿದ್ದರೆ ತಿದ್ದಬಹುದು, ಏಕೆಂದರೆ ಅಲ್ಲಿ ಬಣ್ಣಗಳಿವೆ, ಪ್ರಮಾಣ ಹೆಚ್ಚುಕಡಿಮೆಯಾಗಿದೆ ಅಷ್ಟೆ. ದೀಪದಲ್ಲೇ ಇಲ್ಲದ ಬಣ್ಣ ವಸ್ತುವಿನಿಂದ ಮರಳಿ ಬರುವುದಿಲ್ಲ, ಬಾರದ್ದನ್ನು ಕ್ಯಾಮೆರಾ ದಾಖಲಿಸುವುದಿಲ್ಲ. ಆಮೇಲೆ ಕೆಂಪನ್ನು ಎತ್ತಿದರೆ ಕುಂಕುಮದ ಜೊತೆಗೆ ತುಟಿ, ಕಣ್ಣಿನಂಚು, ಹಿಂದಿನ ಪರದೆ ಎಲ್ಲವೂ ಕೆಂಪೇರುತ್ತವೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಇಂದಿನ ಕ್ಯಾಮೆರಾಗಳು ಅರೆಗತ್ತಲಲ್ಲೂ ಕಾಣುತ್ತವೆ, ದೀಪದ ಗೊಡವೆಯೇ ಏಕೆ? ಆದರೆ ಕ್ಯಾಮೆರಾದ ಸೂಕ್ಷ್ಮತೆ ಇದ್ದ ಬೆಳಕನ್ನು ಹಿಗ್ಗಿಸುತ್ತದೆ, ಅದರ ದಿಕ್ಕನ್ನಾಗಲಿ ಬಣ್ಣವನ್ನಾಗಲಿ ಬದಲಿಸುವುದಿಲ್ಲ. ಕಲ್ಯಾಣಮಂಟಪದ ಛಾವಣಿಯ ಬೆಳಕು ಕಣ್ಣ ಕೆಳಗೆ ನೆರಳು ಬೀಳಿಸುತ್ತಿದ್ದರೆ ಆ ನೆರಳೂ ಹಿಗ್ಗುತ್ತದೆ. ಈ ಆಕ್ಷೇಪ ನಿಜವಾಗಿ ನನ್ನ ವಾದಕ್ಕೇ ಬಲ ಕೊಡುತ್ತದೆ: ಕ್ಯಾಮೆರಾಕ್ಕೆ ಹೆಚ್ಚು ಬೆಳಕು ಬೇಡವಾಗಿದ್ದರೆ ವ್ಯಾಟಿನ ಹಿಂದೆ ಓಡುವ ಕಾರಣ ಇನ್ನೂ ಕಡಿಮೆ, ಒಳ್ಳೆಯ ಬೆಳಕನ್ನು ಆರಿಸುವ ಅನುಕೂಲ ಇನ್ನೂ ಹೆಚ್ಚು.

ಮೂರನೆಯದು ದುಡ್ಡಿನ ಮಾತು. ತಾಲ್ಲೂಕಿನ ಸ್ಟುಡಿಯೋದವರು ಹಾಲಿವುಡ್ಡಿನ ದೀಪ ಕೊಳ್ಳಲಾರರು, ನಿಜ. ಆದರೆ ಒಂದೇ ಬೆಲೆಗೆ ಬಣ್ಣದಲ್ಲಿ ಸಾಧಾರಣವಾದ ದೊಡ್ಡ ದೀಪವೂ ಬಣ್ಣದಲ್ಲಿ ಉತ್ತಮವಾದ ಸಣ್ಣ ದೀಪವೂ ಎದುರಿಗಿದ್ದಾಗ ಸಣ್ಣದನ್ನು ಆರಿಸುವುದು ಲಾಭ. ಪ್ರಖರತೆಯ ಕೊರತೆಯನ್ನು ತುಂಬಲು ಖರ್ಚಿಲ್ಲದ ದಾರಿಯಿದೆ, ಹತ್ತಿರ ಸರಿಯುವುದು. ಸಣ್ಣ ದೀಪದ ದೂರವನ್ನು ಅರ್ಧ ಮಾಡಿದರೆ ಮುಖದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ದೀಪ ಹತ್ತಿರವಾದಷ್ಟೂ ಮುಖದ ಲೆಕ್ಕಕ್ಕೆ ಅಗಲವಾಗುತ್ತದೆ, ನೆರಳು ಮೆತ್ತಗಾಗುತ್ತದೆ. ಅಗಲ ಸಾಲದಿದ್ದರೆ ಬಿಳಿ ಬಟ್ಟೆಯೋ ಥರ್ಮಾಕೋಲ್ ಹಲಗೆಯೋ ಸಾಕು, ಸುಬ್ರತ ಮಿತ್ರರ ಪಾಠ ಇಂದಿಗೂ ಪುಕ್ಕಟೆ. ಬಣ್ಣದ ಕೊರತೆಗೆ ಮಾತ್ರ ಇಂಥ ಪುಕ್ಕಟೆ ಪರಿಹಾರವಿಲ್ಲ. ಹಾಗಾಗಿ ದುಡ್ಡು ಹಾಕಬೇಕಾದ ಜಾಗ ಅದು.

ಬಣ್ಣದ ನಂತರದ ಸ್ಥಾನ ಮಿನುಗಿಗೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಟಂಗ್‌ಸ್ಟನ್ ತಂತಿ ಕಾಯ್ದೇ ಇರುವುದರಿಂದ ವಿದ್ಯುತ್ತಿನ ಏರಿಳಿತವನ್ನು ಮರೆಸುತ್ತಿತ್ತು. ಎಲ್‌ಇಡಿಗೆ ಆ ನೆನಪಿಲ್ಲ, ವಿದ್ಯುತ್ತು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಲವು ದೀಪಗಳು ಬೆಳಕು ತಗ್ಗಿಸಲು ಬಲು ವೇಗವಾಗಿ ಆರಿ ಹತ್ತುವ ಉಪಾಯ ಬಳಸುತ್ತವೆ. ಅದು ಕಣ್ಣಿಗೆ ಕಾಣದಿದ್ದರೂ ನಿಧಾನಗತಿಯ ಚಿತ್ರಣದಲ್ಲಿ ಪಟ್ಟಿಗಳಾಗಿ ಕಾಣುತ್ತದೆ. ಆಮೇಲೆ ಬ್ಯಾಟರಿ. ಕರೆಂಟು ಹೋಗುವುದು ಹೊಸದಲ್ಲದ ಊರುಗಳಲ್ಲಿ ಇದು ಚಿಕ್ಕ ವಿಷಯವಲ್ಲ. ಇಂಥ ಪ್ಯಾನಲ್‌ಗೆ ಹಾಕುವ ಎನ್‌ಪಿ-ಎಫ್970 ಮಾದರಿಯ ಬ್ಯಾಟರಿ ಎರಡು ಸೇರಿದರೆ ಸುಮಾರು 90 ವ್ಯಾಟ್-ಗಂಟೆ. 50 ವ್ಯಾಟಿನ ಪ್ಯಾನಲ್ ಪೂರ್ಣ ಬೆಳಕಿನಲ್ಲಿ ಒಂದೂವರೆ ಗಂಟೆಯ ಮೇಲೆ ನಡೆಯುತ್ತದೆ, ಅಕ್ಷತೆ ಮುಗಿಯುವವರೆಗೆ ಧಾರಾಳ. 3200ರಿಂದ 5600 ಕೆಲ್ವಿನ್‌ವರೆಗೆ ಬದಲಾಗುವ ದ್ವಿವರ್ಣದ ಪ್ಯಾನಲ್ ಹಂದರದ ಹಗಲಿಗೂ ರಾತ್ರಿಯ ಹಳದಿ ಬಲ್ಬುಗಳಿಗೂ ಹೊಂದುತ್ತದೆ. ಆದರೆ ಅಂಥ ಹಲವು ದೀಪಗಳಲ್ಲಿ ಒಂದು ತುದಿಗೆ ಹೋದಾಗ ಅರ್ಧದಷ್ಟು ಎಲ್‌ಇಡಿಗಳು ಮಾತ್ರ ಬೆಳಗುತ್ತವೆ, ಡಬ್ಬಿಯ ಮೇಲಿನ ವ್ಯಾಟು ಪೂರ್ತಿ ಸಿಗುವುದಿಲ್ಲ.

ಹಳೆಯ ಟಂಗ್‌ಸ್ಟನ್ ಬಣ್ಣದಲ್ಲಿ ಇಂದಿಗೂ ಮೇಲಲ್ಲವೇ ಎಂದು ಕೇಳಿದರೆ ಒಪ್ಪಬೇಕು. ಗಟ್ಟಿ ವೈರಿಂಗ್ ಇರುವ, ಗಾಳಿಯಾಡುವ ಒಳಾಂಗಣದಲ್ಲಿ ಅದನ್ನು ಬಿಸಾಡುವ ಕಾರಣವಿಲ್ಲ. ಮೂರ್ತಿಯವರ ಬೆಳಕಿನ ಕೋಲನ್ನು ಅಗಲ ಪ್ಯಾನಲ್ಲಿನಿಂದ ಪಡೆಯಲೂ ಆಗದು, ಅದು ಬೇರೆ ಜಾತಿಯ ಬೆಳಕಿನ ಕೆಲಸ. ಆದರೆ ಹೊತ್ತು ಒಯ್ಯುವ ದೀಪವಾಗಿ ಪ್ಯಾನಲ್ ಗೆದ್ದಾಗಿದೆ, ಇನ್ನು ಅದರೊಳಗೆ ಆಯ್ಕೆ ಮಾಡುವುದಷ್ಟೇ ಉಳಿದಿದೆ. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಂಗಡಿಯ ಬಾಗಿಲಲ್ಲಿ ಹಗಲ ಬೆಳಕಿಗೆ ಕುಂಕುಮ, ಅರಿಶಿನ, ಒಂದು ಎಲೆ, ಒಂದು ಅಂಗೈ ಹಿಡಿದು ಚಿತ್ರ ತೆಗೆಯಿರಿ. ಬಳಿಕ ಒಳಗೆ ದೀಪದ ಕೆಳಗೆ, ಕ್ಯಾಮೆರಾದ ಬಿಳುಪನ್ನು ಬಿಳಿ ಕಾಗದಕ್ಕೆ ಹೊಂದಿಸಿಕೊಂಡು ಅವನ್ನೇ ತೆಗೆಯಿರಿ. ಎರಡರ ಕೆಂಪನ್ನು ಹೋಲಿಸಿ. ದೀಪವನ್ನು ಕನಿಷ್ಠಕ್ಕೆ ತಗ್ಗಿಸಿ ಮೊಬೈಲಿನ ಸ್ಲೋ-ಮೋಷನ್‌ನಲ್ಲಿ ಪಟ್ಟಿ ಓಡುತ್ತವೆಯೇ ನೋಡಿ. ಈ ಎರಡು ಪರೀಕ್ಷೆಯಲ್ಲಿ ಸೋತ ದೀಪ ಎಷ್ಟೇ ಪ್ರಖರವಾಗಿರಲಿ ಅಲ್ಲೇ ಬಿಟ್ಟುಬನ್ನಿ. ಗೆದ್ದವುಗಳ ನಡುವೆ ಆರಿಸುವಾಗ ಅಗಲ ನೋಡಿ, ಬ್ಯಾಟರಿ ನೋಡಿ. ಎಷ್ಟು ವ್ಯಾಟ್ ಎಂಬ ಪ್ರಶ್ನೆಯನ್ನೂ ಅವಶ್ಯ ಕೇಳಿ, ಕೊನೆಗೆ.