ಹಗ್ಗ ಯಾರ ಕೊರಳಿಗೆ? ಡಾಕ್ಟರು ಯಾರ ಬಾಗಿಲಿಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಎಲ್ಲಾದರೂ ಒಂದು ಘೋರ ಕೊಲೆ ನಡೆದರೆ, ಒಂದು ಹೆಣ್ಣುಮಗುವಿನ ಮೇಲೆ ಅತ್ಯಾಚಾರ ನಡೆದರೆ, ಮರುದಿನ ಬೀದಿಗೆ ಬರುವ ಮೊದಲ ಕೂಗು ಯಾವುದು? 'ಗಲ್ಲಿಗೇರಿಸಿ' ಅನ್ನೋದು. ನಮ್ಮ ಮೆರವಣಿಗೆಗಳಲ್ಲೂ ಈ ಕೂಗು ಏಳುತ್ತದೆ. ಅದು ಹೊಟ್ಟೆ ಉರಿದವರ ಕೂಗು. ಮಗಳನ್ನು ಕಳಕೊಂಡ ತಾಯಿ ಹಾಗೆ ಕೂಗಿದರೆ ಆಕೆಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ನಾವು ಓದುವ ಹುಡುಗರು, ಹುಡುಗಿಯರು. ನಾಳೆ ನಮ್ಮಲ್ಲೇ ಕೆಲವರು ವಕೀಲರಾಗುತ್ತೇವೆ, ಮೇಷ್ಟ್ರಾಗುತ್ತೇವೆ, ಡಾಕ್ಟರಾಗುತ್ತೇವೆ. ಕೂಗಿನ ಜೊತೆಗೆ ಲೆಕ್ಕವನ್ನೂ ಕೇಳಬೇಕಾದವರು ನಾವು. ಈ ದೇಶದಲ್ಲಿ ಹಗ್ಗ ಯಾರ ಕೊರಳಿಗೆ ಬೀಳುತ್ತದೆ? ಯಾರ ಕೊರಳನ್ನು ಮುಟ್ಟದೆ ಹೋಗುತ್ತದೆ? ಕೊಲೆ ನಡೆಯುವ ಮೊದಲು ಆ ಮನುಷ್ಯನ ತಲೆಯೊಳಗೆ ಏನು ನಡೆದಿತ್ತು, ಅದನ್ನು ನೋಡುವ ಡಾಕ್ಟರು ಅವನ ಊರಿಗೆ ಯಾವತ್ತಾದರೂ ಬಂದಿದ್ದರಾ?

ಮೊದಲು ಹಗ್ಗದ ಲೆಕ್ಕ ನೋಡೋಣ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಜೈಲುಗಳಿಗೆ ಹೋಗಿ, ಗಲ್ಲು ಶಿಕ್ಷೆಗೆ ಗುರಿಯಾದ 373 ಕೈದಿಗಳ ಕತೆಯನ್ನು ಕಲೆಹಾಕಿ 2016ರಲ್ಲಿ ವರದಿ ಮಾಡಿದರು. ನೂರಕ್ಕೆ 74 ಮಂದಿ ಬಡವರು. ನೂರಕ್ಕೆ 76 ಮಂದಿ ದಲಿತರು, ಆದಿವಾಸಿಗಳು, ಹಿಂದುಳಿದವರು, ಇಲ್ಲವೇ ಧಾರ್ಮಿಕ ಅಲ್ಪಸಂಖ್ಯಾತರು. ನೂರಕ್ಕೆ 23 ಮಂದಿ ಶಾಲೆಯ ಮುಖವನ್ನೇ ನೋಡಿದವರಲ್ಲ. ಅಂದರೆ ಅಪರಾಧ ಮಾಡೋರೆಲ್ಲ ಬಡವರು, ಕೆಳಜಾತಿಯವರು ಅಂತಲಾ? ಅಲ್ಲ. ಒಳ್ಳೆ ವಕೀಲನನ್ನು ಇಟ್ಟುಕೊಳ್ಳಲು ಶಕ್ತಿ ಇಲ್ಲದವನ ಕೊರಳೇ ಹಗ್ಗಕ್ಕೆ ಸಲೀಸಾಗಿ ಸಿಗುತ್ತದೆ.

ಬಿಹಾರದ್ದು ಎರಡು ಸಂಗತಿ ಹೇಳುತ್ತೇವೆ. ಪಕ್ಕಪಕ್ಕ ಇಟ್ಟು ನೋಡಿ.

1992ರ ಫೆಬ್ರವರಿಯಲ್ಲಿ ಗಯಾ ಜಿಲ್ಲೆಯ ಬಾರಾ ಎಂಬ ಊರಿನಲ್ಲಿ ನಕ್ಸಲ್ ಗುಂಪೊಂದು ಭೂಮಿಹಾರ ಜಾತಿಯ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಅದು ಘೋರ ಕೃತ್ಯ, ಎರಡು ಮಾತಿಲ್ಲ. ಮೊಕದ್ದಮೆ ಟಾಡಾ ಕಾಯಿದೆಯಲ್ಲಿ ನಡೆಯಿತು. ಗಲ್ಲು ಶಿಕ್ಷೆಯಾದ ನಾಲ್ವರಲ್ಲಿ ಮೂವರು ದಲಿತರು. 2002ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಆ ಗಲ್ಲನ್ನು ಎತ್ತಿಹಿಡಿದರು, ಒಬ್ಬರು ಒಪ್ಪಲಿಲ್ಲ. ನ್ಯಾಯಮೂರ್ತಿಗಳಲ್ಲೇ ಒಮ್ಮತವಿಲ್ಲದಿದ್ದರೂ ಹಗ್ಗ ಮಾತ್ರ ಖಾಯಂ ಆಯಿತು! 2017ರ ಜನವರಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ಜೀವಾವಧಿಗೆ ಇಳಿಸುವ ತನಕ, ಹದಿನಾಲ್ಕು ವರ್ಷಕ್ಕೂ ಮೇಲೆ ಅವರು ಹಗ್ಗದ ನೆರಳಿನಲ್ಲೇ ಕೂತಿದ್ದರು.

ಅದೇ ಬಿಹಾರದಲ್ಲಿ 1996ರಲ್ಲಿ ಬಥಾನಿ ಟೋಲಾದಲ್ಲಿ 21 ಜನ, 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ 58 ಜನ ಸತ್ತರು. ಸತ್ತವರು ದಲಿತರು ಮತ್ತು ಬಡವರು, ಹೆಂಗಸರು ಮಕ್ಕಳೇ ಹೆಚ್ಚು. ಕೊಂದದ್ದು ಭೂಮಾಲೀಕರ ರಣವೀರ ಸೇನೆ. ಕೆಳಗಿನ ಕೋರ್ಟು 2010ರಲ್ಲಿ ಬಾಥೆ ಮೊಕದ್ದಮೆಯ 16 ಮಂದಿಗೆ, ಬಥಾನಿ ಟೋಲಾದ ಮೂವರಿಗೆ ಗಲ್ಲು ವಿಧಿಸಿತು. ಆಗ ನಮ್ಮ ಜನ ಸಂತೋಷಪಟ್ಟರು. ಆಮೇಲೆ ಏನಾಯಿತು? 2012ರಲ್ಲಿ ಬಥಾನಿ ಟೋಲಾದ, 2013ರಲ್ಲಿ ಬಾಥೆಯ ಶಿಕ್ಷಿತರನ್ನೆಲ್ಲ ಪಾಟ್ನಾ ಹೈಕೋರ್ಟು ಬಿಡುಗಡೆ ಮಾಡಿತು. ಗಲ್ಲು ಹೋಗಲಿ, ಒಬ್ಬನಿಗೆ ಒಂದು ದಿನದ ಜೈಲೂ ಉಳಿಯಲಿಲ್ಲ.

ಬಿಹಾರ ದೂರ ಅಂತೀರಾ? ನಮ್ಮ ಕಂಬಾಲಪಲ್ಲಿ ನೋಡಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. ತಿರುಗಿಬೀಳದೆ ಏನು ಮಾಡಿಯಾರು? ನಾಳೆ ಅದೇ ಊರಿನಲ್ಲಿ ಕೂಲಿ ಮಾಡಿ ಬದುಕಬೇಕಲ್ಲ! 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳೆಲ್ಲರನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಸರಿ ಎಂದಿತು. ಏಳು ಹೆಣ ಇವೆ, ಕೊಂದವರು ಯಾರೂ ಇಲ್ಲ.

ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ 2006ರಲ್ಲಿ ಒಂದೇ ಕುಟುಂಬದ ನಾಲ್ವರು ದಲಿತರನ್ನು ಊರೇ ಸೇರಿ ಕೊಂದಿತು. 2008ರಲ್ಲಿ ಆರು ಮಂದಿಗೆ ಗಲ್ಲಾಯಿತು. ಆದರೆ ದೌರ್ಜನ್ಯ ತಡೆ ಕಾಯಿದೆಯಲ್ಲಿ ಶಿಕ್ಷೆ ಆಗಲಿಲ್ಲ. ಅಂದರೆ ಅದು ಜಾತಿಯ ಕೊಲೆ ಅಂತಲೇ ಕೋರ್ಟು ಒಪ್ಪಲಿಲ್ಲ. 2010ರಲ್ಲಿ ಹೈಕೋರ್ಟು ಗಲ್ಲನ್ನು 25 ವರ್ಷದ ಜೈಲಿಗೆ ಇಳಿಸಿತು. ಎಲ್ಲರ ಕಣ್ಣೂ ಹಗ್ಗದ ಮೇಲೇ ಇತ್ತು. ಜಾತಿಯ ಮಾತು ತೀರ್ಪಿನಿಂದ ಮೆಲ್ಲಗೆ ಜಾರಿಹೋದದ್ದು ಬಹಳ ಜನಕ್ಕೆ ಕಾಣಲೇ ಇಲ್ಲ.

ಇನ್ನೊಂದನ್ನು ನೆನಪಿಡಿ. ಮಹಾರಾಷ್ಟ್ರದ ಒಂದು ಅಲೆಮಾರಿ ಸಮುದಾಯದ ಆರು ಜನಕ್ಕೆ ಕೊಲೆ, ಅತ್ಯಾಚಾರದ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಖಚಿತ ಮಾಡಿತ್ತು. ಹತ್ತು ವರ್ಷದ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟು ಆರೂ ಜನ ನಿರಪರಾಧಿಗಳು ಎಂದು ಬಿಡುಗಡೆ ಮಾಡಿತು. ತಲೆಗೆ ಐದು ಲಕ್ಷ ಪರಿಹಾರ ಕೊಡಿ ಎಂದಿತು. ನಡುವೆ ಗಲ್ಲಿಗೇರಿಸಿಬಿಟ್ಟಿದ್ದರೆ ಆ ಐದು ಲಕ್ಷವನ್ನು ಯಾರ ಗೋರಿಯ ಮೇಲೆ ಇಡುತ್ತಿದ್ದರು? ಅಲೆಮಾರಿ ಅಂದರೆ ಕಳ್ಳ, ಕೊಲೆಗಾರ ಅಂತ ಪೋಲೀಸರ ತಲೆಯಲ್ಲಿ ಮೊದಲೇ ಬರೆದಿರುತ್ತದೆ. ಹಗ್ಗ ಆ ಬರಹವನ್ನೇ ಓದುತ್ತದೆ.

ಈಗ ಡಾಕ್ಟರ ವಿಷಯಕ್ಕೆ ಬರೋಣ.

ಅದೇ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 88 ಗಲ್ಲು ಕೈದಿಗಳನ್ನು ಮಾತಾಡಿಸಿ 2021ರಲ್ಲಿ ಇನ್ನೊಂದು ವರದಿ ತಂದರು. ನೂರಕ್ಕೆ 62 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ನೂರಕ್ಕೆ 11 ಮಂದಿಯದು ಹುಟ್ಟಿನಿಂದಲೋ ಎಳವೆಯಿಂದಲೋ ಬೆಳೆಯದ ಬುದ್ಧಿ. ಇವರ ಮೊಕದ್ದಮೆಗಳು ನಡೆದಾಗ ಇದನ್ನೆಲ್ಲ ಯಾರು ನೋಡಿದರು?

ಕಾನೂನಿನಲ್ಲಿ ದಾರಿಯೇ ಇಲ್ಲ ಅಂತಲ್ಲ. ಹಳೆಯ ದಂಡ ಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇದೆ. ಬುದ್ಧಿ ಸ್ವಾಧೀನದಲ್ಲಿಲ್ಲದೆ, ಮಾಡುತ್ತಿರುವುದು ಏನೆಂದೇ ತಿಳಿಯದೆ ಮಾಡಿದ್ದು ಅಪರಾಧವಲ್ಲ ಎಂದು ಅದು ಹೇಳುತ್ತದೆ. ಆದರೆ ಅದನ್ನು ರುಜುವಾತು ಮಾಡುವ ಭಾರ ಆರೋಪಿಯ ಮೇಲೆ. ಕೋರ್ಟು ಕೇಳುತ್ತದೆ: ಹಿಂದೆ ಎಲ್ಲಿ ಚಿಕಿತ್ಸೆ ತಗೊಂಡಿದ್ದೆ? ಆಸ್ಪತ್ರೆ ಚೀಟಿ ಎಲ್ಲಿ?

ನಮ್ಮ ಕೇರಿಯಲ್ಲಿ ಆ ಚೀಟಿ ಎಲ್ಲಿಂದ ಬರಬೇಕು? ತಲೆ ಕೆಟ್ಟವನನ್ನು 'ಗಾಳಿ ಸೋಕಿದೆ' ಅಂತ ತಾಯತ ಕಟ್ಟಿಸುತ್ತಾರೆ, ದೇವರ ಮುಂದೆ ಕೂರಿಸುತ್ತಾರೆ, ತಡೆಯಲಾರದೆ ಹೋದರೆ ಸರಪಳಿ ಹಾಕುತ್ತಾರೆ. ಅವರದು ಕ್ರೌರ್ಯವಲ್ಲ, ಬೇರೆ ದಾರಿ ಗೊತ್ತಿಲ್ಲ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಅವರ ಮನೆಯವರೂ ವಾಸಿಯಾಗಲಿ ಅಂತಲೇ ಕರಕೊಂಡು ಹೋಗಿ ಬಿಟ್ಟಿದ್ದರು.

ವಿಪರ್ಯಾಸ ನೋಡಿ, ದೇಶಕ್ಕೇ ದಾರಿ ತೋರಿಸಿದ್ದು ನಮ್ಮ ನಾಡು. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ರೋಗಕ್ಕೆ ಔಷಧಿ ಕೊಡಬಹುದು ಎಂದು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಮಾನಸಿಕ ರೋಗಿಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮಾದರಿ ಹಾಳೆಯ ಮೇಲೆ ಉಳಿಯಿತು, ರೋಗ ಹಟ್ಟಿಯಲ್ಲಿ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ. 'ಕೊಲೆ ಮಾಡುವವರೆಲ್ಲ ಹುಚ್ಚರು, ಹುಚ್ಚರೆಲ್ಲ ಕೊಲೆ ಮಾಡುವವರು' ಅಂತ ಯಾರೂ ತಿಳಿಯಬೇಡಿ. ಎರಡೂ ಸುಳ್ಳು. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ, ಏಟು ತಿನ್ನುವವರೇ ಹೆಚ್ಚು. ಇನ್ನು ಕಂಬಾಲಪಲ್ಲಿಯಲ್ಲಿ ಬಾಗಿಲು ಹಾಕಿ ಬೆಂಕಿ ಇಟ್ಟವರಿಗೆ ಯಾವ ಹುಚ್ಚೂ ಇರಲಿಲ್ಲ. ಜಾತಿಯ ಅಹಂಕಾರ ಕಾಯಿಲೆಯಲ್ಲ, ಅದು ತಿಳಿದೂ ತಿಳಿದೂ ಮಾಡುವ ಯಜಮಾನಿಕೆ. ಅದಕ್ಕೆ ಮಾತ್ರೆ ಇಲ್ಲ, ಮಾಫಿಯೂ ಇಲ್ಲ. ನಿಜವಾದ ರೋಗಿಯನ್ನು ರೋಗಿ ಎಂದು ಗುರುತಿಸಬೇಕು, ಜಾತಿವಾದಿಯನ್ನು ಅಪರಾಧಿ ಎಂದು ಗುರುತಿಸಬೇಕು. ಎರಡನ್ನೂ ಕಲಸಿದರೆ ಲಾಭ ಜಾತಿವಾದಿಗೆ, ನಷ್ಟ ರೋಗಿಗೆ.

ಜೈಲು ಸೇರಿದ ಮೇಲೆ ಏನಾಗುತ್ತದೆ? ಕ್ಷಮಾದಾನದ ಅರ್ಜಿ ತೀರ್ಮಾನವಾಗುವ ತನಕ ಗಲ್ಲು ಕೈದಿಯನ್ನು ಒಂಟಿ ಕೋಣೆಯಲ್ಲಿ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ ಹೇಳಿತ್ತು. ಆದರೆ ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಬಿ.ಎ. ಉಮೇಶ್ ಎಂಬ ಕೈದಿ 2006ರಿಂದ ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿದ್ದ. 1998ರಲ್ಲಿ ಬೆಂಗಳೂರಿನಲ್ಲಿ ಅವನು ಮಾಡಿದ ಅತ್ಯಾಚಾರ, ಕೊಲೆಯನ್ನು ಯಾರೂ ಮನ್ನಿಸಲಾರರು, ಕೋರ್ಟೂ ಮನ್ನಿಸಲಿಲ್ಲ. ಆದರೆ ಕಾನೂನು ಮುರಿದು ಹೀಗೆ ಇಟ್ಟದ್ದರಿಂದ ಅವನ ಮನಸ್ಸಿಗೆ ಆದ ಕೇಡನ್ನು ಲೆಕ್ಕಕ್ಕೆ ಹಿಡಿದು, 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಕನಿಷ್ಠ 30 ವರ್ಷದ ಜೈಲಿಗೆ ಬದಲಿಸಿತು. ಸರ್ಕಾರವೇ ಕಾನೂನು ಮುರಿದರೆ ಅದಕ್ಕೆ ಶಿಕ್ಷೆ ಕೊಡೋರು ಯಾರು?

ಗಂಭೀರ ಮಾನಸಿಕ ಕಾಯಿಲೆ ಇರುವವರನ್ನು ಗಲ್ಲಿಗೇರಿಸುವಂತಿಲ್ಲ ಎಂದು 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಅದೇ ತೀರ್ಪಿನಲ್ಲಿ, ಮುಖ್ಯವಾಗಿ ಕ್ಷಮಾದಾನದ ಅರ್ಜಿಗಳನ್ನು ವರ್ಷಗಟ್ಟಲೆ ಎಳೆದ ಕಾರಣಕ್ಕೆ, 15 ಮಂದಿಯ ಹಗ್ಗ ಬಿಚ್ಚಿತು. 2022ರ ಮೇ ತಿಂಗಳಲ್ಲಿ ಮನೋಜ್ ಮೊಕದ್ದಮೆಯಲ್ಲಿ ಇನ್ನೂ ಮುಂದಕ್ಕೆ ಹೋಗಿ, ಆರೋಪಿಯ ಮಾನಸಿಕ ಪರೀಕ್ಷೆಯ ವರದಿಯನ್ನು ಸರ್ಕಾರವೇ ಕೆಳಗಿನ ಕೋರ್ಟಿನ ಮುಂದೆ ಇಡಬೇಕು, ಅವನು ಬೆಳೆದ ಮನೆ, ಓದು, ಬಡತನ ಎಲ್ಲವನ್ನೂ ನೋಡಬೇಕು ಎಂದು ಹೇಳಿತು. ಒಳ್ಳೆಯ ಮಾತು. ಆದರೆ ಡಾಕ್ಟರು ಬರುವುದು ಯಾವಾಗ? ಹೆಣ ಬಿದ್ದ ಮೇಲೆ, ಹಗ್ಗ ನೇಯ್ದ ಮೇಲೆ! ಆ ಡಾಕ್ಟರು ಹತ್ತು ವರ್ಷ ಮುಂಚೆ ಹಳ್ಳಿಗೆ ಬಂದಿದ್ದರೆ ಕೆಲವಾದರೂ ಹೆಣಗಳು ಬೀಳುತ್ತಿರಲಿಲ್ಲ. ಉಳಿಯುತ್ತಿದ್ದ ಮೊದಲ ಜೀವ ಆ ರೋಗಿಯ ಹೆಂಡತಿಯದೋ ಮಗುವಿನದೋ ಆಗಿರುತ್ತಿತ್ತು.

'ಹಾಗಾದರೆ ನಮ್ಮ ಅಕ್ಕತಂಗಿಯರನ್ನು ಕೊಂದವರನ್ನು ಸುಮ್ಮನೆ ಬಿಡಬೇಕಾ?' ಅಂತ ನೀವು ಕೇಳಬೇಕು. ಕೇಳಲೇಬೇಕಾದ ಪ್ರಶ್ನೆ. ಖಂಡಿತ ಬಿಡಬಾರದು. ಬಿಡುತ್ತಿರುವುದೇ ನಮ್ಮ ರೋಗ. ನಮಗೆ ಬೇಕಾದದ್ದು ತಪ್ಪಿಸಿಕೊಳ್ಳಲಾಗದ ಶಿಕ್ಷೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಮೊಕದ್ದಮೆಯಲ್ಲಿ ಕೊಪ್ಪಳದ ಕೋರ್ಟು 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ವಿಧಿಸಿತು. ಒಬ್ಬರಿಗೂ ಗಲ್ಲಿಲ್ಲ. ಆದರೂ ಊರೂರಿನ ಯಜಮಾನರು ಬೆಚ್ಚಿದರು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ನಮ್ಮ ಹೋರಾಟ ಇರಬೇಕಾದದ್ದು ಅಲ್ಲಿ: ಎಫ್.ಐ.ಆರ್. ಸರಿಯಾಗಿ ಬರೆಸುವುದರಲ್ಲಿ, ಸಾಕ್ಷಿಗಳನ್ನು ಕಾಯುವುದರಲ್ಲಿ, ಅಪೀಲು ಮುಗಿಯುವ ತನಕ ಬೆನ್ನುಬಿಡದೆ ನಿಲ್ಲುವುದರಲ್ಲಿ.

2012ರ ದೆಹಲಿ ಘಟನೆಯ ಮೇಲೆ ಕೂತ ನ್ಯಾಯಮೂರ್ತಿ ವರ್ಮಾ ಸಮಿತಿ ಅತ್ಯಾಚಾರಕ್ಕೆ ಗಲ್ಲು ಬೇಡವೆಂದಿತು. 2015ರಲ್ಲಿ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ಯುದ್ಧ ಸಾರುವ ಅಪರಾಧ ಬಿಟ್ಟು ಉಳಿದದ್ದಕ್ಕೆಲ್ಲ ಗಲ್ಲು ತೆಗೆಯಿರಿ ಎಂದಿತು. ಇವರಿಗಿಂತ ಬಹಳ ಮೊದಲೇ, 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಗಲ್ಲು ಶಿಕ್ಷೆಯನ್ನೇ ತೆಗೆದುಹಾಕುವುದು ಸರಿಯಾದ ದಾರಿ ಎಂದಿದ್ದರು. ಜೀವಮಾನವಿಡೀ ಹಿಂಸೆ ಉಂಡ ಜನರ ನಾಯಕ ಹಾಗೆ ಹೇಳಿದರು ಎಂಬುದನ್ನು ಯೋಚಿಸಿ. ಸೇಡು ಅವರ ರಾಜಕೀಯವಾಗಿರಲಿಲ್ಲ.

ಹಾಗಾದರೆ ನಾವು ಏನು ಮಾಡೋಣ?

ಒಂದು, ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮನೋಚೈತನ್ಯ ಯೋಜನೆಯ ಪ್ರಕಾರ ಮಂಗಳವಾರ ಮನೋವೈದ್ಯರು ಬರಬೇಕು. ಬರುತ್ತಾರಾ, ಮಾತ್ರೆ ಇದೆಯಾ ನೋಡಿ. ಇಲ್ಲದಿದ್ದರೆ ಹತ್ತು ಜನ ಸಹಿ ಹಾಕಿ ಅರ್ಜಿ ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಚಿಕಿತ್ಸೆ ನಮ್ಮ ಹಕ್ಕು, ಬಡತನ ರೇಖೆಯ ಕೆಳಗಿನವರಿಗೆ ಪುಕ್ಕಟೆ. ಅದು ಭಿಕ್ಷೆಯಲ್ಲ.

ಎರಡು, ಕೇರಿಯಲ್ಲಿ ಯಾರಿಗಾದರೂ ತಲೆ ಕೆಟ್ಟಿದೆ ಅಂದರೆ ತಾಯತದ ಜೊತೆಗಾದರೂ ಆಸ್ಪತ್ರೆಗೆ ಕರಕೊಂಡು ಹೋಗಿ. ಚೀಟಿಯನ್ನು ಜೋಪಾನವಾಗಿ ಇಡಿಸಿ.

ಮೂರು, ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ನಿದ್ದೆ ಬಾರದೆ ಕೂತ ಗೆಳೆಯನನ್ನು, ಊಟ ಬಿಟ್ಟ ಗೆಳತಿಯನ್ನು ಒಂಟಿ ಬಿಡಬೇಡಿ. 14416 ನಂಬರಿಗೆ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನೂರು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ಆಪ್ತಸಲಹೆಗಾರರು ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಯಾರಿದ್ದಾರೆ ಕೇಳಿ.

ನಾಲ್ಕು, ನಮ್ಮವರ ಮೇಲೆ ದೌರ್ಜನ್ಯ ನಡೆದಾಗ ಕೂಗಿನಲ್ಲಿ ಮುಗಿಸಬೇಡಿ. ಕೋರ್ಟಿನ ತಾರೀಕು ಬರೆದಿಟ್ಟುಕೊಳ್ಳಿ. ಸಾಕ್ಷಿ ಹೇಳುವ ದಿನ ಆ ಕೂಲಿಯವನ ಪಕ್ಕ ಐವತ್ತು ಹುಡುಗರು ಹೋಗಿ ನಿಲ್ಲಿ. ಅವನು ತಿರುಗಿಬೀಳುವುದಿಲ್ಲ.

ಹಗ್ಗ ಹಿಡಿದ ಕೈ ಯಾವತ್ತೂ ನಮ್ಮದಾಗಿರಲಿಲ್ಲ ಗೆಳೆಯರೆ. ಅದನ್ನು ಇನ್ನಷ್ಟು ಗಟ್ಟಿ ಮಾಡಿ ಅಂತ ನಾವೇ ಬೇಡುವುದು ಬೇಡ. ನ್ಯಾಯ ಕೇಳೋಣ, ಡಾಕ್ಟರನ್ನು ಕೇಳೋಣ, ಎರಡೂ ಸಿಗುವ ತನಕ ಕೇಳುತ್ತಲೇ ಇರೋಣ.

ಜೈಭೀಮ್.